ಅವರು ಮಲಗಿದ್ದಾರೆ

ಮಾವನ ಹೆಸರನ್ನು ನಾಯಿಗೆ ಇಟ್ಟ ಅಳಿಯ ಎಂದು ಕರ್ಕಿಯಿಂದ ಕುಮಟೆಯವರೆಗೆ ನನಗೊಂದು ಖ್ಯಾತಿ ಇದೆ. ನನ್ನ ಸಮರ್ಥನೆ ಒಂದೇ: ಮಾವನಿಗೆ ಹೆಸರೊಂದು ಇದೆ ಎಂಬುದೇ ನನಗೆ ಗೊತ್ತಿರಲಿಲ್ಲ.

ಮಾವನ ಊರಾದ ಹೊಳನಗದ್ದೆಯಲ್ಲಿ ಎಲ್ಲರೂ ಅವರನ್ನು ಕರೆಯುತ್ತಿದ್ದುದು ತಾಂಡೇಲ ಎಂದು. ಬೋಟು ನಡೆಸುವ ಮುಖ್ಯಸ್ಥನಿಗೆ ನಮ್ಮ ಕಡೆ ಹಾಗೆನ್ನುತ್ತಾರೆ. ಮದುವೆ ಕಾಗದದಲ್ಲಿ ಅಚ್ಚಾದದ್ದೂ ‘ತಾಂಡೇಲ ಎಸ್. ಹರಿಕಂತ್ರ’. ಆ ‘ಎಸ್’ ಏನು ಎಂದು ವಿಚಾರಿಸುವ ಧೈರ್ಯ ಹೊಸ ಅಳಿಯನಿಗೆ ಎಲ್ಲಿಂದ ಬರಬೇಕು? (ಅವರು ತೀರಿಕೊಂಡಾಗ ಭಟ್ಟರು ಹೆಸರು ಹಿಡಿದೇ ಮಂತ್ರ ಹೇಳಿದ್ದರಂತೆ. ನಾನು ಆಗ ಹಿತ್ತಲಲ್ಲಿ ಊಟದ ವ್ಯವಸ್ಥೆಯ ಮೇಲ್ವಿಚಾರಣೆಯಲ್ಲಿದ್ದೆ.) ಅದಾಗಿ ಕೆಲವು ವರ್ಷಗಳ ಮೇಲೆ ಒಂದು ಸೋಮವಾರ, ಕಪ್ಪು ಮರಿಯೊಂದು ನಮ್ಮ ಗೇಟಿನಡಿ ನುಸುಳಿ ಬಂತು. ಸೋಮವಾರ ಬಂದವನು ಸೋಮ. ಇದರಲ್ಲಿ ಪಿತೂರಿ ಎಲ್ಲಿದೆ?

ಸಂಜೆ ಶಾಲೆಯಿಂದ ಬಂದ ನನ್ನ ಹೆಂಡತಿ ಜಯಶ್ರೀ ಮರಿಯನ್ನು ಎತ್ತಿಕೊಂಡು ಕೇಳಿದಳು. “ಎಂತ ಹೆಸರಿಟ್ರಿ?”

“ಸೋಮ.”

ಅವಳು ಮರಿಯನ್ನು ನಿಧಾನವಾಗಿ ಕೆಳಗಿಟ್ಟಳು. “ನನ್ನ ಅಪ್ಪನ ಹೆಸರು ಎಂತ, ಗೊತ್ತಿದ್ಯಾ?”

“ತಾಂಡೇಲ.”

ಆ ರಾತ್ರಿ ನನ್ನ ಊಟ ತಣ್ಣಗಿತ್ತು. ಮರುದಿನದಿಂದ ಮರಿಯನ್ನು ಟಾಮಿ, ಟೈಗರ್, ರಾಜಾ ಎಂದೆಲ್ಲ ಕರೆದು ನೋಡಿದೆವು. ಅದು ಹಿಂದೆ ತಿರುಗಿ, ಇವರು ಯಾರನ್ನು ಕರೆಯುತ್ತಿದ್ದಾರೆ ಎಂದು ನೋಡುತ್ತಿತ್ತು. ಸೋಮ ಸೋಮನಾಗಿಯೇ ಉಳಿದ.

ಪೇಚಾದದ್ದು ನನ್ನ ಅತ್ತೆ ಹೊನ್ನಮ್ಮನಿಗೆ. ಗಂಡನ ಹೆಸರನ್ನು ಬಾಯಲ್ಲಿ ಆಡದ ತಲೆಮಾರು ಅವರದು. ಸೋಮವಾರಕ್ಕೆ ಅವರು ‘ಐತವಾರದ ಮರುದಿನ’ ಎನ್ನುತ್ತಾರೆ. ಪಕ್ಕದ ಮನೆಯ ಸೋಮಶೇಖರನನ್ನು ಅವನು ತೊಟ್ಟಿಲಲ್ಲಿದ್ದಾಗಿನಿಂದ ‘ಶೇಖರ’ ಎಂದು ಅರ್ಧಕ್ಕೆ ಕತ್ತರಿಸಿದ್ದಾರೆ. ಅಂಥವರು ನಮ್ಮ ಮನೆಗೆ ಬಂದರೆ ನಾಯಿಯನ್ನು ಏನೆನ್ನಬೇಕು? ‘ನಾಯಿ’ ಎನ್ನಲು ಅವರ ನಾಲಿಗೆ ಏಳಲಿಲ್ಲ. ಆ ಹೆಸರು ಹೊತ್ತವನನ್ನು ನಾಯಿ ಅನ್ನುವುದೆಂದರೆ ಯಾರನ್ನು ಅಂದ ಹಾಗೆ? ಕೊನೆಗೆ ಅವರು ಕಂಡುಕೊಂಡ ದಾರಿ, “ಅವರ ಊಟ ಆತಾ?”

ಅವರು. ಬಹುವಚನ. ಮನೆಯಲ್ಲಿ ಸಂಬಳ ತರುವವನಿಗೂ ಕಷ್ಟಪಟ್ಟು ಸಿಗುವ ಬಹುವಚನ.

ಹೀಗೆ ವರ್ಷಗಳು ನಡೆದವು. ಸೋಮನ ಮೀಸೆ ಬೆಳ್ಳಗಾಯಿತು. ಮೊನ್ನೆ ಮಳೆಗಾಲ ಮುಗಿದು ಬೋಟುಗಳು ಕಡಲಿಗಿಳಿದು, ಮೀನಿನ ಶಿವನ ಸ್ಕೂಟರು ನಮ್ಮ ಕೇರಿಗೆ ಬರಲು ಶುರುವಾದ ಹೊತ್ತು. ಶಿವ ತಿರುವಿನಲ್ಲಿ ಪೊಂಯ್ ಎಂದು ಹಾರ್ನ್ ಒತ್ತಿದರೆ ಸಾಕು, ಸೋಮ ಜಗಲಿಯಿಂದ ಅಂಗಳಕ್ಕೆ ಒಂದೇ ನೆಗೆತ. ಶಿವ ಒಂದು ತಾರ್ಲೆ ಮೀನು ಎಸೆಯಬೇಕು, ಇವನು ಗಾಳಿಯಲ್ಲೇ ಹಿಡಿಯಬೇಕು. ಅದು ಇಬ್ಬರ ನಡುವಿನ ಒಪ್ಪಂದ. ಅವತ್ತು ನೆಗೆದವನು ಮೀನು ಹಿಡಿದ. ಹಿಡಿದು ಅಲ್ಲೇ ಕೂತ. ಹಿಂಗಾಲು ಏಳಲಿಲ್ಲ. ಮೀನನ್ನು ಬಾಯಲ್ಲಿಟ್ಟುಕೊಂಡೇ ನನ್ನ ಮುಖ ನೋಡಿದ. ನಾನು ಹಾಸ್ಯ ಬರೆಯುವವನು. ಅವತ್ತು ಹಾಸ್ಯ ಬಿಟ್ಟು, ಅವನನ್ನು ಎತ್ತಿಕೊಂಡು ಜಯಶ್ರೀಯ ಜೊತೆ ಆಸ್ಪತ್ರೆಗೆ ಓಡಿದೆ.

ದನದ ಆಸ್ಪತ್ರೆಯ ಡಾಕ್ಟರ್ ದಿವ್ಯಶ್ರೀ ಬೆನ್ನು ಒತ್ತಿ, ಕಾಲು ಮಡಿಸಿ ನೋಡಿದರು. “ಬೆನ್ನುಮೂಳೆಯ ಬಿಲ್ಲೆ ಜಾರಿ ನರ ಒತ್ತಿದೆ. ಗುಳಿಗೆ ಕೊಡ್ತೇನೆ. ಆದ್ರೆ ಗುಳಿಗೆ ನೋವು ಕಡಿಮೆ ಮಾಡ್ತದೆ ಅಷ್ಟೆ. ಗುಣ ಮಾಡೂದು ವಿಶ್ರಾಂತಿ. ಕೆಲವು ವಾರ ಓಡೂಕಿಲ್ಲ, ಹಾರೂಕಿಲ್ಲ, ಮೆಟ್ಟಿಲಿಲ್ಲ.”

“ನೋವು ಹೋದ್ಮೇಲೆ?”

“ಅದೇ ದೊಡ್ಡ ಅಪಾಯ. ನೋವು ಹೋದ ಕೂಡ್ಲೆ ತನಗೆ ಗುಣ ಆತು ಅಂತ ಅವ ತಿಳಕಂತಾನೆ. ಆಗ ಒಮ್ಮೆ ಹಾರಿದ್ರೆ ಹಿಂಗಾಲು ಮತ್ತೆ ಬರೂದು ಕಷ್ಟ.” ಆಮೇಲೆ ಗುಳಿಗೆಗಳ ಪ್ರತಾಪ ವಿವರಿಸಿದರು. ಒಂದರಿಂದ ಹಸಿವು, ಬಾಯಾರಿಕೆ ಹೆಚ್ಚು, ಆದ್ದರಿಂದ ಪದೇ ಪದೇ ಒಂದಕ್ಕೆ ಹೋಗಬೇಕು. ಇನ್ನೊಂದರಿಂದ ನಿದ್ದೆ, ನಡಿಗೆಯಲ್ಲಿ ತೂರಾಟ. ಖಾಲಿ ಹೊಟ್ಟೆಗೆ ಕೊಡಬಾರದು. ವಾಂತಿಯಾದರೆ, ಮಲ ಕಪ್ಪಾದರೆ ತಕ್ಷಣ ಫೋನ್ ಮಾಡಬೇಕು.

“ನನ್ನ ಮಂಡಿ ನೋವಿನ ಗುಳಿಗೆ ಒಂದರ್ಧ...” ಎಂದು ನಾನು ಬಾಯಿ ತೆರೆದೆ.

“ಮನುಷ್ಯರದ್ದು ಕೊಟ್ರೆ ಅದರ ಹೊಟ್ಟೆ, ಕಿಡ್ನಿ ಎರಡೂ ಹೋತದೆ,” ಎಂದರು ಡಾಕ್ಟರು. ಜಯಶ್ರೀ ನನ್ನ ಪರವಾಗಿ ಕ್ಷಮೆ ಕೇಳುವ ಮುಖ ಮಾಡಿದಳು. ಆ ಮುಖ ಅವಳಿಗೆ ರೂಢಿ.

ಮನೆಗೆ ಬಂದು ನಾನು ಘೋಷಿಸಿದೆ: ಶುಶ್ರೂಷೆಯ ಸಂಪೂರ್ಣ ಹೊಣೆ ನನ್ನದು. ಕೆಲಸ ಮಾಡುವ ಸೊಸೈಟಿಗೆ ರಜೆ ಹಾಕಿದೆ. ಕಾರಣ: ಮನೆಯಲ್ಲಿ ಅನಾರೋಗ್ಯ. ಜಾರುವ ಟೈಲ್ಸ್ ಮೇಲೆ ಗೋಣಿಚೀಲ ಹಾಸಿದೆ. (ಆ ಟೈಲ್ಸ್ ಹಾಕಿಸಿದ್ದೂ ನಾನೇ, ಕನ್ನಡಿಯ ಹಾಗೆ ಹೊಳೆಯಬೇಕು ಎಂದು ಹಟ ಹಿಡಿದು.) ಜಗಲಿಯ ಮೂಲೆಯಲ್ಲಿ ಹಾಸಿಗೆ, ಅದರ ಸುತ್ತ ಹಲಗೆಯ ಕೋಟೆ. ಶಿವನಿಗೆ ಹಾರ್ನ್ ನಿಷೇಧಿಸಿದೆ. ಅವನು ಸದ್ದಿಲ್ಲದೆ ಬಂದು ಸದ್ದಿಲ್ಲದೆ ಹೋದದ್ದರಿಂದ ಇಡೀ ಕೇರಿಗೆ ಮೀನಿಲ್ಲ. ಎದುರು ಮನೆಯ ಈರಮ್ಮ ನನ್ನನ್ನು ನೋಡಿದಾಗೆಲ್ಲ “ಇವತ್ತೂ ತೊವ್ವೆ” ಎಂದಷ್ಟೇ ಹೇಳಿ ಒಳಗೆ ಹೋಗುತ್ತಿದ್ದರು.

ಕೋಟೆ ಸಿದ್ಧವಾಯಿತು, ಕೈದಿ ಒಪ್ಪಲಿಲ್ಲ. ಬಂಗಡೆ ಮೀನಿನ ತುಂಡಿನೊಳಗೆ ಗುಳಿಗೆ ಇಟ್ಟು ಕೊಟ್ಟೆ. ಅವನು ಬಂಗಡೆ ತಿಂದು, ನಾವು ಮುಳ್ಳು ತೆಗೆದಿಡುತ್ತೇವಲ್ಲ, ಹಾಗೆ ಗುಳಿಗೆಯನ್ನು ಮಾತ್ರ ತಟ್ಟೆಯ ಅಂಚಿಗೆ ಇಟ್ಟ. “ಸಿಟ್” ಎಂದರೆ ಎದ್ದ. “ಮಲಗೋ” ಎಂದರೆ ಹಲಗೆಗೆ ಎದೆಯೊತ್ತಿ ಕುಂಯ್‌ಗುಟ್ಟಿದ. ನಾನು ಜೋರು ಮಾಡಿದಷ್ಟೂ ಅವನು ಮಿಸುಕಿದ, ಮಿಸುಕಿದಷ್ಟೂ ನೋವು. ಸಂಜೆ ಜಯಶ್ರೀ ಬಂದಾಗ ಇಬ್ಬರೂ ಏದುಸಿರು ಬಿಡುತ್ತಿದ್ದೆವು.

“ಇದ್ರಲ್ಲಿ ಪೇಶಂಟ್ ಯಾರು?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಅಮ್ಮನಿಗೆ ಫೋನ್ ಮಾಡಿದಳು.

ಅತ್ತೆ ಮರುದಿನ ಬೆಳಗಿನ ಬಸ್ಸಿಗೇ ಬಂದರು. ಚೀಲ ಕೆಳಗಿಡದೆ ಕೋಟೆಯ ಬಳಿ ಹೋಗಿ, ಸೆರಗು ಸರಿಪಡಿಸಿಕೊಂಡು ಕೂತರು.

“ಎಂತ ಮಾಡ್ಕಂಡ್ರಿ ಇದು,” ಎಂದರು ಮೆಲ್ಲಗೆ. “ವಯಸ್ಸಾತು, ಹಾರಬಾರ್ದು ಅಂತ ಗೊತ್ತಾಗೂದಿಲ್ವಾ? ಮಲ್ಕಳಿ. ನಾ ಇಲ್ಲೇ ಇರ್ತೆ.”

ಸೋಮ ಜೀವಮಾನದಲ್ಲಿ ಅಷ್ಟು ಉದ್ದದ ಗೌರವಪೂರ್ವಕ ವಾಕ್ಯ ಕೇಳಿದವನಲ್ಲ. ಕಿವಿ ಹಿಂದಕ್ಕೆ ಹಾಕಿ, ನಿಟ್ಟುಸಿರು ಬಿಟ್ಟು, ತಲೆ ಕೆಳಗಿಟ್ಟ. ಮಲಗಿದ. ನಾನು ಬಾಗಿಲ ಸಂದಿಯಲ್ಲಿ ನಿಂತು ನೋಡುತ್ತಿದ್ದೆ. ನನ್ನ ಎರಡು ಭಾಷೆಯ ಆಜ್ಞೆಗಳಿಗೆ ಬಗ್ಗದವನು ಒಂದು ‘ಮಲ್ಕಳಿ’ಗೆ ಬಗ್ಗಿದ್ದ.

ಗುಳಿಗೆಗೆ ಅತ್ತೆ ಅನ್ನದ ಮೂರು ತುತ್ತು ಕಟ್ಟುತ್ತಿದ್ದರು. ಮೊದಲನೆಯದು ಬರೀ ಮೀನಿನ ಸಾರು ಅನ್ನ. ಎರಡನೆಯದರಲ್ಲಿ ಗುಳಿಗೆ. ಮೂರನೆಯದನ್ನು ಮೊದಲೇ ಮೂಗಿನ ಮುಂದೆ ಹಿಡಿದಿರುವುದು. ಅದರ ಆಸೆಗೆ ಅವನು ಎರಡನೆಯದನ್ನು ಅಗಿಯದೆ ನುಂಗುತ್ತಿದ್ದ. “ಅವರಿಗೂ ಹಿಂಗೇ ಕೊಡ್ತಿದ್ದೆ,” ಎಂದರು ಒಮ್ಮೆ. ಯಾವ ‘ಅವರು’ ಎಂದು ನಾನು ಕೇಳಲಿಲ್ಲ.

ಅತ್ತೆಯ ಬಗ್ಗೆ ನಾನು ಇಲ್ಲಿಯವರೆಗೆ ಬರೆದ ಹಾಸ್ಯವನ್ನೆಲ್ಲ ವಾಪಸು ಪಡೆಯುವಂಥ ದಿನಗಳು ಅವು. ಹೊಟ್ಟೆಯ ಕೆಳಗೆ ಟವೆಲ್ ಹಾಕಿ (ನನ್ನ ಹೊಸ ಟವೆಲ್, ಹಳೆಯದು ಅವರಿಗೆ ಚುಚ್ಚುತ್ತದಂತೆ), ಜಗಲಿಯ ಪಕ್ಕಕ್ಕೆ ಒರಗಿಸಿಟ್ಟ ಹಲಗೆಯ ಮೇಲಿಂದ ನಿಧಾನ ಇಳಿಸಿ, ತೆಂಗಿನಮರದ ಬುಡಕ್ಕೆ ಕರೆದೊಯ್ಯುವುದು. ಅವನು ತೂರಾಡಿದರೆ ಇವರೂ ಜೊತೆಗೆ ತೂರಾಡುವುದು. ರಾಶಿ ನೀರು ಕುಡಿದು ಹಾಸಿಗೆಯಲ್ಲೇ ಆಗಿಬಿಟ್ಟರೆ, ಅವನು ನಾಚಿ ಮುಖ ಆಚೆ ತಿರುಗಿಸಿದರೆ, “ಇರ್ಲಿ, ಗುಳಿಗೆದು ಅದು, ನಿಮ್ಮ ತಪ್ಪಲ್ಲ,” ಎಂದು ಒರೆಸುವುದು. ನಾನು ಕೆಮ್ಮಿದರೂ ಬೆರಳು ತುಟಿಗೆ ಹೋಗುತ್ತಿತ್ತು: “ಶ್, ಅವರು ಮಲಗಿದಾರೆ.” ಟೀವಿ ಮೂಕವಾಯಿತು. ನಾನು ನನ್ನದೇ ಮನೆಯಲ್ಲಿ ತುದಿಗಾಲಲ್ಲಿ ನಡೆಯುತ್ತಿದ್ದೆ. ಸೋಮನ ಹಿಂಗಾಲು ಮೆಲ್ಲಗೆ ನೆಲಕ್ಕೆ ಊರತೊಡಗಿತು.

ಆ ಐತವಾರ ನಾನು ಬಚ್ಚಲಲ್ಲಿದ್ದಾಗ ನನಗೊಂದು ಫೋನ್ ಬಂತು. ನಮ್ಮ ಸೊಸೈಟಿಯ ಮ್ಯಾನೇಜರ್ ಸುದರ್ಶನ. ಎತ್ತಿದ್ದು ಅತ್ತೆ.

“ಮನೇಲಿ ಹುಷಾರಿಲ್ಲ ಅಂದಿದ್ರು. ಈಗ ಹೆಂಗಿದಾರೆ?”

“ಎಂತ ಹೇಳೂದು ತಮ್ಮ. ಸೊಂಟದ ಕೆಳಗೆ ಬಲ ಇಲ್ಲಾಗಿತ್ತು. ಈಗ ಟವೆಲ್ ಹಾಕಿ ಎತ್ತಿದ್ರೆ ನಿಲ್ತ್ರು.”

“ಅಯ್ಯೋ. ಊಟ?”

“ಊಟ ವಿಪರೀತ. ತಾಟು ನೆಕ್ಕಿ ಮತ್ತೆ ನನ್ನ ಮುಖ ನೋಡ್ತ್ರು.”

“ಮಾತು?”

“ಮೊದಲು ಯಾರು ಬಂದ್ರೂ ಕೂಗ್ತಿದ್ರು. ಈಗ ಅದೂ ಇಲ್ಲ.”

ಅರ್ಧ ಗಂಟೆಯಲ್ಲಿ ಸುದರ್ಶನ ಸೇಬು, ಎಳನೀರಿನ ಸಮೇತ ಬಂದಿಳಿದ. ಕಾರನ್ನು ನಮ್ಮ ಓಣಿಗೆ ಅಡ್ಡ ನಿಲ್ಲಿಸಿದ. ಜಗಲಿಯಲ್ಲಿ ದಾರಿಗೆ ಚಾಚಿದ್ದ ಕೋಟೆಯ ಹಲಗೆ ಸರಿಸಿ ಒಳಬಂದ. ಅದೇ ಹೊತ್ತಿಗೆ ನಾನು ಟವೆಲ್ ಸುತ್ತಿ ಬಚ್ಚಲಿಂದ ಹೊರಬಂದೆ.

“ಎದ್ದಿರಾ? ಯಾರು ಎದ್ದೇಳಿ ಅಂದ್ರು ನಿಮ್ಗೆ?” ಎಂದು ಅವನು ಎಳನೀರು ಅಲ್ಲೇ ಬಿಟ್ಟು ಬಂದು ನನ್ನ ಎರಡೂ ರಟ್ಟೆ ಹಿಡಿದ. “ಮಲಗಿ, ಮಲಗಿ. ಟವೆಲ್ ಇದ್ಯಲ್ಲ, ಇದ್ರಲ್ಲೇನಾ ಎತ್ತೂದು?”

ಆ ಟವೆಲ್ ನನ್ನ ಮಾನ ಕಾಯುತ್ತಿದ್ದ ಏಕೈಕ ವಸ್ತು. ಅವನು ಅದನ್ನು ಹಿಡಿದು ಎತ್ತಲು, ನಾನು ಹಿಡಿದು ಉಳಿಸಿಕೊಳ್ಳಲು ಹೋರಾಡುತ್ತಿರುವಾಗ, ಹೊರಗೆ ಶಿವನ ಸ್ಕೂಟರು ಬಂತು. ಓಣಿಗೆ ಅಡ್ಡ ಕಾರು. ಅವನು ಪಾಪ, ಎಷ್ಟು ಹೊತ್ತು ಕಾದಾನು?

ಪೊಂಯ್.

ಸೋಮನಿಗೆ ನೋವಿರಲಿಲ್ಲ, ಗುಳಿಗೆ ಚೆನ್ನಾಗಿ ಕೆಲಸ ಮಾಡಿತ್ತು. ಹಲಗೆಯೂ ಇರಲಿಲ್ಲ. ಅವನು ಎದ್ದ. ಜಗಲಿಯ ಅಂಚಿಗೆ ಓಡಿ ಬೆನ್ನು ಕುಗ್ಗಿಸಿದ. ಇನ್ನು ನೆಗೆತ. ನಾನು “ಸಿಟ್” ಎಂದೆ. ಜಯಶ್ರೀ ಅಡುಗೆಮನೆಯಿಂದ ಓಡಿಬಂದಳು. ಅತ್ತೆ ಅಂಗಳದ ಆ ತುದಿಯಲ್ಲಿ ಅವನ ಹಾಸಿಗೆ ಒಣಹಾಕುತ್ತಿದ್ದವರು ತಿರುಗಿ ನೋಡಿದರು. “ಹೋಯ್, ಬೇಡಿ” ಎಂದರು. ಅವನು ಕೇಳಲಿಲ್ಲ.

“ಸೋಮಾ!”

ದಂಡೆಯಲ್ಲಿ ನಿಂತು ಬೋಟಿನವರನ್ನು ಕರೆದು ಪಳಗಿದ ಅತ್ತೆಯ ಗಂಟಲು ಅದು. ಆದರೆ ಆ ಗಂಟಲಿನಿಂದ ಆ ಹೆಸರು ಯಾವತ್ತೂ ಹೊರಟಿರಲಿಲ್ಲ. ಓಣಿಯಲ್ಲಿ ಶಿವ ಸ್ಕೂಟರು ಬಂದ್ ಮಾಡಿದ. ಸುದರ್ಶನ ಟವೆಲ್ ಬಿಟ್ಟ. ಸೋಮ ಅಂಚಿನಲ್ಲಿ ನಿಂತವನು ನಿಂತಲ್ಲೇ ಕೂತ.

ಅತ್ತೆ ಬಂದು ಅವನನ್ನು ತಬ್ಬಿಕೊಂಡರು. ಆಮೇಲೆ ತಾವು ಹೇಳಿದ್ದೇನೆಂದು ನೆನಪಾಗಿ ಬಾಯಿಗೆ ಸೆರಗು ಒತ್ತಿಕೊಂಡರು. ಸ್ವಲ್ಪ ಹೊತ್ತಿಗೆ ಸೆರಗಿನೊಳಗಿಂದಲೇ, ರುಚಿ ನೋಡುವವರ ಹಾಗೆ, ಇನ್ನೊಮ್ಮೆ ಅಂದರು. “ಸೋಮ.”

ಮತ್ತೆ ಮಗಳ ಕಡೆ ನೋಡಿದರು. “ಇಷ್ಟು ಸಣ್ಣ ಹೆಸರಾ? ನಾ ಎಷ್ಟೋ ದೊಡ್ಡದು ಅಂದ್ಕಂಡಿದ್ದೆ.”

ಜಯಶ್ರೀ ಅಮ್ಮನ ಪಕ್ಕ ಕೂತಳು. ಇಬ್ಬರೂ ನಕ್ಕರೋ ಅತ್ತರೋ ನನಗೆ ಸರಿಯಾಗಿ ಕಾಣಲಿಲ್ಲ. ನನ್ನ ಫೋನನ್ನು ಅತ್ತೆ ಎತ್ತಿದ್ದರಿಂದ ಮಲಗಿದವನು ನಾನೇ ಎಂದು ನಂಬಿದ್ದ ಸುದರ್ಶನನಿಗೆ ಪೇಶಂಟ್ ಯಾರೆಂದು ವಿವರಿಸುವ ಕೆಲಸ ನನ್ನ ಪಾಲಿಗಿತ್ತು. ಎಲ್ಲ ಕೇಳಿ ಅವನು ಎಳನೀರನ್ನು ನನ್ನ ಮುಂದಿನಿಂದ ಎತ್ತಿ ಸೋಮನ ಮುಂದಿಟ್ಟ. “ನಾಳೆಯಿಂದ ಡ್ಯೂಟಿಗೆ ಬನ್ನಿ,” ಎಂದ ನನಗೆ.

ಡಾಕ್ಟರ್ ದಿವ್ಯಶ್ರೀ ನೋಡಿ, ಏನೂ ಕೆಟ್ಟಿಲ್ಲ, ಹಾರದೆ ನಿಂತದ್ದೇ ಪುಣ್ಯ ಎಂದರು. ಗುಳಿಗೆ ಮೆಲ್ಲಮೆಲ್ಲಗೆ ಕಡಿಮೆಯಾಯಿತು. ಅತ್ತೆಯ ಬಾಯಿ ಮಾತ್ರ ಒಮ್ಮೆ ತೆರೆದದ್ದು ಮುಚ್ಚಲಿಲ್ಲ. ಸಾರಿನ ಒಗ್ಗರಣೆ ಹಾಕುತ್ತ, ಹೂಬತ್ತಿ ಹೊಸೆಯುತ್ತ, ಬಹುವಚನವನ್ನೆಲ್ಲ ಕಡಲಿಗೆ ಬಿಟ್ಟು, ಇಡೀ ದಿನ ಆ ಹೆಸರೇ.

“ಸೋಮಾ, ಮಲ್ಕ. ಸೋಮಾ, ಒಂದು ದಿನ ಆದ್ರೂ ಸಾರು ಚಲೋ ಆಗಿದೆ ಅಂದಿದ್ಯಾ? ಹೇಳು. ಗಾಳಿ ಇದೆ, ಕಡಲಿಗೆ ಹೋಗ್ಬೇಡ ಅಂದ್ರೆ ಯಾವತ್ತಾದ್ರೂ ಕೇಳಿದ್ಯಾ? ನಾ ದಂಡೆ ಮೇಲೆ ಒಬ್ಳೇ ನಿಂತಿರ್ತಿದ್ದೆ, ಗೊತ್ತಿದ್ಯಾ ನಿಂಗೆ?”

ಸೋಮ ತಲೆ ತಗ್ಗಿಸಿ, ಎಲ್ಲ ಅಪರಾಧವನ್ನೂ ಒಪ್ಪಿಕೊಂಡವನ ಮುಖದಲ್ಲಿ ಕೇಳುತ್ತಿದ್ದ. ನಡುನಡುವೆ ಅವರ ಕೈ ನೆಕ್ಕುತ್ತಿದ್ದ. ಅಷ್ಟು ಚಂದದ ಗಂಡನನ್ನು ನಾನು ಎಲ್ಲೂ ಕಂಡಿಲ್ಲ.

ಕೆಲವು ವಾರಗಳ ಮೇಲೆ ಒಂದು ಐತವಾರದ ಮರುದಿನ, ಕ್ಷಮಿಸಿ, ಸೋಮವಾರ, ಅತ್ತೆ ಹೊಳನಗದ್ದೆಗೆ ಹೊರಟರು. ಸೋಮ ಗೇಟಿನವರೆಗೆ ನಾಲ್ಕೂ ಕಾಲಿನಲ್ಲಿ ನಡೆದು ಹೋಗಿ ಬೀಳ್ಕೊಟ್ಟ. ಬಸ್ಸು ಹತ್ತಿಸಿ ಬಂದು ನಾನು ಜಗಲಿಯಲ್ಲಿ ನಿಂತು, ಹಲಗೆ ತೆಗೆಯಬಹುದೇ, ಟೀವಿ ಹಾಕಬಹುದೇ, ಸ್ವಲ್ಪ ಯಜಮಾನಿಕೆ ಮರಳಿ ಬಂದೀತೇ ಎಂದು ಲೆಕ್ಕ ಹಾಕುತ್ತಿದ್ದೆ. ಹಿಂದಿನಿಂದ ಜಯಶ್ರೀಯ ದನಿ ಬಂತು. ಮದುವೆಯಾದ ದಿನದಿಂದ ‘ಹೋಯ್’, ‘ಕೇಳ್ತದಾ’ ಎನ್ನುವುದರ ಆಚೆ ಹೋಗದವಳು. ಈಗ ರುಚಿ ನೋಡುವವಳ ಹಾಗೆ, ಮೆಲ್ಲಗೆ.

“ಮೋಹನಾ.”

ಇಷ್ಟು ವರ್ಷ ಹೇಳದೆ ಉಳಿಸಿದ್ದೆಲ್ಲ ಆ ಮೂರು ಅಕ್ಷರದ ಹಿಂದೆ ಸಾಲುಗಟ್ಟಿ ನಿಂತಿತ್ತು. ನಾನು ಸೋಮನ ಕಡೆ ನೋಡಿದೆ. ಅನುಭವಸ್ಥನಾದ ಅವನು ಹಾಸಿಗೆಯಲ್ಲಿ ಒಂದಿಷ್ಟು ಸರಿದು, ಪಕ್ಕದಲ್ಲಿ ನನಗೆ ಜಾಗ ಬಿಟ್ಟ.

“ಮೋಹನಾ, ಕುಂತ್ಕ.”

ಕುಂತೆ.