ಕರಡಿ ಕಚ್ಚಿದ ಹೆಗಲಿಗೆ ವೀಸಾ

ಬೇರೆಯವರ ಮನೆಯ ಬೀಗ ತೆಗೆಯುವುದರಲ್ಲೇ ನಲವತ್ತು ವರ್ಷ ಕಳೆದವನು ನಾನು. (ಕಳ್ಳನಲ್ಲ ಸ್ವಾಮಿ, ಬೀಗ ರಿಪೇರಿಯವನು.) ನಾನು ಅಂಗಡಿಯಲ್ಲಿ ಕೂತು ಕೆಮ್ಮಿದರೆ ಸಾಕು, ಎದುರು ಬೀದಿಯ ಬ್ಯಾಂಕಿನ ತಿಜೋರಿ ತಾನಾಗಿ ಬಾಯಿ ತೆರೆಯುತ್ತಿತ್ತು ಎಂದು ಜನ ಇವತ್ತಿಗೂ ಹೇಳುತ್ತಾರೆ. ಜನ ಅಂದರೆ ಮುಖ್ಯವಾಗಿ ನಾನೇ. ಇಂಥ ನನಗೂ ಬಗ್ಗದ ಬೀಗ ಒಂದಿತ್ತು. ಅದರ ಹೆಸರು ವೀಸಾ.

ಮಗಳು ಹೊರದೇಶದಲ್ಲಿ ಹಲ್ಲಿನ ಸೆಟ್ ತಯಾರಿಸುತ್ತಾಳೆ. (ನನ್ನ ಮಾತು, ಅವಳ ಹಲ್ಲು, ಎರಡೂ ನಿಜದಂತೆಯೇ ಕಾಣುತ್ತವೆ. ವಂಶದ ಗುಣ.) ಅವಳ ಮಗಳಿಗೆ ಈಗ ಏಳು ವರ್ಷ. ಹುಟ್ಟಿದಾಗ ತೆಗೆದ ರಾಗ ಕೇಳಿ ನಾನಿಟ್ಟ ಹೆಸರು ಪಿಟೀಲು. ಈ ಪಿಟೀಲನ್ನು ಫೋನಿನ ಗಾಜಿನೊಳಗೆ ನೋಡಿದ್ದೇ ಹೊರತು ಒಂದು ದಿನವೂ ಎತ್ತಿಕೊಂಡಿಲ್ಲ. ಇನ್ನು ನಾಲ್ಕು ವರ್ಷ ತಡ ಮಾಡಿದರೆ ಅವಳೇ ನನ್ನನ್ನು ಎತ್ತಿಕೊಳ್ಳಬೇಕಾದೀತು ಎಂದು ಹೆದರಿ ಈ ಸಲ ಗಂಡ ಹೆಂಡತಿ ಇಬ್ಬರೂ ಅರ್ಜಿ ಹಾಕಿದೆವು.

ಸಂದರ್ಶನದ ದಿನ ಬೆಳಗ್ಗೆ ನನ್ನವಳು ಅಪ್ಪಣೆ ಹೊರಡಿಸಿದಳು.

"ಕೇಳಿದ್ದಕ್ಕೆ ಮಾತ್ರ ಉತ್ತರ. ಹೌದು, ಇಲ್ಲ, ಅಷ್ಟೇ. ಮೂರನೇದು ಬೇಡ."

"ಮೂರನೇದು ಯಾವುದೇ?"

"ನಿಮ್ಮ ಬಾಯಿಂದ ಬರೋದೆಲ್ಲ ಮೂರನೇದೇ."

ನನ್ನವಳಿಗೆ ಸುಳ್ಳು ಹೇಳಲು ಬರುವುದಿಲ್ಲ. ಹೊಸ ಸೀರೆ ಹೇಗಿದೆ ಎಂದು ಪಕ್ಕದ ಮನೆಯವರು ಕೇಳಿದರೆ, ಹೇಗಿದೆಯೋ ಹಾಗೇ ಹೇಳಿಬಿಡುತ್ತಾಳೆ. (ಅವರು ಮನೆ ಬದಲಾಯಿಸಿದರು.) ನನ್ನ ಯಾವ ಕಥೆಯನ್ನೂ ಅವಳು ನಂಬಿದವಳಲ್ಲ, ಒಂದನ್ನು ಬಿಟ್ಟು. ಆ ಒಂದು ಕರಡಿಯದು.

ಮದುವೆಯಾಗಿ ಇನ್ನೂ ವಾರವಾಗಿರಲಿಲ್ಲ. ಒಗೆದ ಕಂಬಳಿಯನ್ನು ನನ್ನ ಕೈಗೆ ಕೊಟ್ಟು, "ಇದನ್ನ ಸ್ವಲ್ಪ ತಂತಿ ಮೇಲೆ ಹಾಕ್ತೀರಾ?" ಎಂದಳು. ಆ ಕ್ಷಣದಲ್ಲೇ ನನ್ನ ಜೀವನದಲ್ಲಿ ಕರಡಿಯ ಪ್ರವೇಶವಾಯಿತು. ಹಿಂದೆ ಊರಾಚೆ ಒಂದು ಕರಡಿ ನನ್ನ ಎಡಹೆಗಲನ್ನು ಕಚ್ಚಿತು, ನಾನು ಅದರ ಬಾಯಿಗೆ ಬೀಗ ಜಡಿದು ಪಾರಾದೆ, ಅಂದಿನಿಂದ ಕೈ ಕಿವಿಗಿಂತ ಮೇಲೆ ಏಳುವುದಿಲ್ಲ ಎಂದೆ. ಗುರುತಿಗೆ ತೋಳಿನ ಮೇಲಿದ್ದ ಲಸಿಕೆಯ ಕಲೆ ತೋರಿಸಿದೆ. (ಒಂಟಿ ಹಲ್ಲಿನ ಕರಡಿ.) ಆಗಿನ್ನೂ ಅವಳಿಗೆ ನನ್ನ ಪರಿಚಯವಿರಲಿಲ್ಲ. ಕಣ್ಣೊರೆಸಿಕೊಂಡು ಬಕೆಟ್ ಎತ್ತಿಕೊಂಡು ಹೋದಳು. ಅಂದಿನಿಂದ ನಲವತ್ತೊಂದು ವರ್ಷ ಈ ಮನೆಯ ಬಟ್ಟೆಯನ್ನೆಲ್ಲ ಒಣಗಿಸಿದವಳು ಅವಳೇ. ಪಿಟೀಲಿಗೂ ಫೋನಿನಲ್ಲಿ ಹೇಳಿದ ಮೊದಲ ಕಥೆ ಇದೇ.

ವೀಸಾ ಕಚೇರಿಯಲ್ಲಿ ಗಾಜಿನ ಕಿಟಕಿಯ ಹಿಂದೆ ಅಧಿಕಾರಿ, ಪಕ್ಕದಲ್ಲಿ ನಮ್ಮ ಮಾತನ್ನು ಅವನಿಗೆ, ಅವನ ಮಾತನ್ನು ನಮಗೆ ದಾಟಿಸುವ ಹುಡುಗಿ. ಅಧಿಕಾರಿ ಎಷ್ಟು ಚಿಕ್ಕವನೆಂದರೆ ಮೀಸೆ ಬರಲೋ ಬೇಡವೋ ಎಂದು ಇನ್ನೂ ಯೋಚಿಸುತ್ತಿತ್ತು.

"ಯಾಕೆ ಹೋಗ್ತಿದೀರಾ ಅಂತ ಕೇಳ್ತಿದಾರೆ," ಎಂದಳು ಹುಡುಗಿ.

"ಮೊಮ್ಮಗಳನ್ನ ನೋಡೋಕೆ."

"ಎಷ್ಟು ದಿನ?"

"ಮೂರು ತಿಂಗಳು."

ನನ್ನವಳು ಮೆಚ್ಚುಗೆಯಿಂದ ತಲೆಯಾಡಿಸಿದಳು. ಅಷ್ಟರಲ್ಲಿ ಅಧಿಕಾರಿ ನಮ್ಮ ಕಾಗದಗಳ ಕಟ್ಟಿನಿಂದ ಮೊದಲನೆಯ ಹಾಳೆ ಎತ್ತಿ ಹಿಡಿದ. ಮಗಳು ಅಂಚೆಯಲ್ಲಿ ಕಳಿಸಿದ ಕಟ್ಟಿನಲ್ಲಿದ್ದ ಹಾಳೆ ಅದು. ಆ ದೇಶದ ಭಾಷೆ ನನಗೆ ಬಾರದು. ಮೇಲೆ ಬಣ್ಣದ ಪೆನ್ಸಿಲಿನಲ್ಲಿ ಯಾವುದೋ ಪ್ರಾಣಿಯ ಚಿತ್ರವಿತ್ತು. ನಾನೇ ಅದನ್ನು ಭಕ್ತಿಯಿಂದ ಎಲ್ಲಕ್ಕಿಂತ ಮೇಲೆ ಜೋಡಿಸಿದ್ದೆ.

"ಇದೇನು ಅಂತ ಕೇಳ್ತಿದಾರೆ."

"ಅವರ ಸರ್ಕಾರದ ಲಾಂಛನ ಅಲ್ವೇನಮ್ಮ?"

ಹುಡುಗಿ ಅದನ್ನು ದಾಟಿಸಿದಳು. ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡ. ಹುಡುಗಿ ಹಾಳೆ ತೆಗೆದುಕೊಂಡು ನಮಗೆ ಅರ್ಥವಾಗುವಂತೆ ಓದಿದಳು.

"ಸಾಹೇಬರೇ, ನಮ್ಮ ತಾತನ್ನ ಬೇಗ ಕಳಿಸಿ. ಕರಡಿ ಕಚ್ಚಿ ಅವರ ಎಡಗೈ ಮೇಲೆ ಏಳಲ್ಲ. ಇಲ್ಲಿ ನಮ್ಮ ಬೀದೀಲಿ ದೊಡ್ಡ ಡಾಕ್ಟರ್ ಇದಾರೆ, ನಾವು ಸರಿ ಮಾಡಿಸ್ತೀವಿ. ಅಲ್ಲೀತನಕ ನನ್ನ ಎತ್ಕೊಳ್ಳಿ ಅಂತ ನಾನು ಕೇಳಲ್ಲ."

ಮಗಳಿಗೂ ಗೊತ್ತಿಲ್ಲದಂತೆ ಪಿಟೀಲು ಅದನ್ನು ಕಟ್ಟಿನೊಳಗೆ ತೂರಿಸಿದ್ದಳು. ಅಧಿಕಾರಿಯ ಹುಬ್ಬು ಗಂಟಾಗಿತ್ತು.

"ಅರ್ಜೀಲಿ ಕಾಯಿಲೆ ಏನೂ ಇಲ್ಲ ಅಂತ ಬರೆದಿದೀರಾ," ಎಂದಳು ಹುಡುಗಿ. "ಚಿಕಿತ್ಸೆಗೆ ಹೋಗ್ತಿರೋದನ್ನ ಮುಚ್ಚಿಟ್ಟಿದ್ರೆ ವೀಸಾ ಕೊಡೋಕಾಗಲ್ಲ ಅಂತಿದಾರೆ."

"ಅಯ್ಯೋ, ಮಗು ಏನೋ ಬರೆದಿದೆ ಕಣಮ್ಮ. ನನ್ನ ಕೈ ಕಲ್ಲುಗುಂಡಿನ ಹಾಗಿದೆ."

"ಇಲ್ಲಮ್ಮ," ಎಂದಳು ನನ್ನವಳು. "ಮಗು ಬರೆದಿದ್ದು ನಿಜ. ನಲವತ್ತೊಂದು ವರ್ಷದಿಂದ ಅವರು ಆ ಕೈ ಮೇಲೆತ್ತಿಲ್ಲ. ಪಾಪ, ಒಂದು ಕರವಸ್ತ್ರ ಕೂಡ ಒಣಗಿಸೋಕಾಗಲ್ಲ."

"ಸುಮ್ನಿರೇ."

"ಯಾಕೆ ಸುಮ್ನಿರ್ಲಿ? ಸರ್ಕಾರದೋರ ಮುಂದೆ ಸುಳ್ಳು ಹೇಳ್ತಾರಾ? ಕಲೆ ತೋರಿಸಿ."

ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದ. ಆ ಪೆನ್ನು ಒಮ್ಮೆ ಹಾಳೆ ಮುಟ್ಟಿದರೆ ಪಿಟೀಲು ಗಾಜಿನೊಳಗೇ ಉಳಿಯುತ್ತಾಳೆ. ಒಂದು ಕಡೆ ಆ ಮಗು, ಇನ್ನೊಂದು ಕಡೆ ನಲವತ್ತೊಂದು ವರ್ಷದ ಒದ್ದೆ ಬಟ್ಟೆ. ಕಣ್ಣು ಮುಚ್ಚಿಕೊಂಡು ಮೊದಲು ಬಲಗೈ ಎತ್ತಿದೆ. ಆಮೇಲೆ ಎಡಗೈ. ಬಾವುಟದ ಕಂಬದ ಹಾಗೆ ನೆಟ್ಟಗೆ ನಿಂತಿತು, ದರಿದ್ರ ಕೈ. ಅಧಿಕಾರಿ ಬೆರಳು ತಿರುಗಿಸಿ ತೋರಿಸಿದ. ಗಿರಗಿರನೆ ತಿರುಗಿಸಿದೆ.

"ಕರಡಿ?" ಎಂದಳು ಹುಡುಗಿ.

"ಇರಲಿಲ್ಲಮ್ಮ," ಎಂದೆ.

ಅಧಿಕಾರಿ ನಕ್ಕು ಇಬ್ಬರ ಅರ್ಜಿಗೂ ಠಸ್ಸೆ ಹೊಡೆದ. ನನ್ನವಳು ನಗಲಿಲ್ಲ. ಬೇರೆ ಯಾರದೋ ಕೈಯನ್ನು ನೋಡುವಂತೆ ನನ್ನ ಕೈಯನ್ನೇ ನೋಡುತ್ತಿದ್ದಳು.

"ಇಳಿಸಿ," ಎಂದಳು. ಅಷ್ಟೇ.

ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಮೇಲಿನ ಕಂಬಿಗೆ ಬಲಗೈ ಹಾಕಿದೆ.

"ಎಡಗೈಯಲ್ಲಿ ಹಿಡ್ಕೊಳ್ಳಿ," ಎಂದಳು.

ಮನೆ ಸೇರುತ್ತಲೇ ಫೋನ್ ಬಂತು.

"ತಾತ, ವೀಸಾ ಸಿಕ್ತಾ?"

"ಸಿಕ್ತು ಪಿಟೀಲು."

"ಮತ್ತೆ ಕೈ?"

ನಾನು ಬಾಯಿ ತೆರೆದೆ. ಆ ಅಧಿಕಾರಿ ಮೂಲತಃ ವೈದ್ಯನೆಂಬ ಕಥೆ ನಾಲಿಗೆಯ ತುದಿಗೆ ಬಂದಿತ್ತು. ನನ್ನವಳು ಫೋನ್ ಕಿತ್ತುಕೊಂಡಳು.

"ಕೈ ಸರಿಹೋಯ್ತು ಕಂದ. ವೀಸಾ ಆಫೀಸಲ್ಲೇ ಸರಿಹೋಯ್ತು."

"ಹಾಗಾದ್ರೆ ನನ್ನ ಎತ್ಕೋತಾರಾ ಅಜ್ಜಿ?"

"ಎತ್ಕೊಳ್ದೆ ಏನು. ನೀನೆಷ್ಟು ತೂಕ ಇದೀಯಾ?"

"ಇಪ್ಪತ್ತೆರಡು ಕೆಜಿ."

ನನ್ನವಳು ಫೋನಿಟ್ಟು ಒಂದು ಗಳಿಗೆ ಲೆಕ್ಕ ಹಾಕಿದಳು. ಆಮೇಲೆ ಬಚ್ಚಲಿಗೆ ಹೋದಳು. ನೀರು ಕಂಡು ವರ್ಷಗಳೇ ಆಗಿದ್ದವುಗಳೂ ಸೇರಿ ಮನೆಯ ಕಂಬಳಿಗಳೆಲ್ಲ ತೊಟ್ಟಿಗೆ ಬಿದ್ದ ಸದ್ದು ಕೇಳಿಸಿತು.

"ಒದ್ದೆಯಾದ್ರೆ ಒಂದೊಂದೂ ಹನ್ನೊಂದು ಕೆಜಿ ತೂಗುತ್ತೆ. ಎರಡೆರಡೇ ಎತ್ತಿ. ಹೊರಡೋಕೆ ಇನ್ನೂ ಇಪ್ಪತ್ತು ದಿನ ಇದೆ, ಅಷ್ಟರಲ್ಲಿ ಅಭ್ಯಾಸ ಆಗುತ್ತೆ."

ಮೊದಲ ಜೋಡಿಯನ್ನು ತಂತಿಗೆ ಎಸೆಯುವಾಗ ಎಡಹೆಗಲು ನಿಜವಾಗಿಯೂ ಚಳಕ್ ಎಂದಿತು. ಪ್ರಾಣ ಹೋಗುವಂಥ ನೋವು. ಹೇಳಿದೆ.

"ಹೌದಾ," ಎಂದಳು ನನ್ನವಳು, ಎರಡನೆಯ ಜೋಡಿಯನ್ನು ಕೈಗಿಡುತ್ತ. "ಈ ಸಲ ಏನು ಕಚ್ತು?"