ಮಾವ ವೆಬ್‌ಸೈಟಿಗೆ ಬೀಗರನ್ನು ಹುಡುಕಿದ್ದು

ನಮ್ಮ ಸೋದರಮಾವನಿಗೆ ನಾಳೆ ಸ್ವರ್ಗದಲ್ಲಿ ಜಾಗ ಸಿಕ್ಕರೂ ಆತ ನೇರವಾಗಿ ಒಳಗೆ ಹೋಗುವ ಆಸಾಮಿಯಲ್ಲ. ಮೊದಲು ಪಕ್ಕದ ನರಕದ ಕಟ್ಟೆಯ ಮೇಲೆ ಕೂತು, "ಈ ಮನಿಯವ್ರು ಹೆಂಗ್ರೀ?" ಎಂದು ವಿಚಾರಿಸಿಯೇ ಮುಂದಿನ ಮಾತು! ಮನಗೂಳಿಯಲ್ಲಿ ಮಾವನದು ಕಾಳುಕಡಿ ವ್ಯಾಪಾರ. ಹೆಸರು ಮಾಡಿದ್ದು ಮಾತ್ರ ಬೇರೆಯದರಲ್ಲಿ. ಬಾಗೇವಾಡಿಯಿಂದ ಇಂಡಿಯವರೆಗೆ ನಮ್ಮ ಬಳಗದ ಯಾವ ಹುಡುಗಿಯ ಮದುವೆಯೂ ಆತ ಹೋಗಿ ಮನೆತನ ನೋಡಿ ಬರದೆ ನಡೆದಿಲ್ಲ. ವರನ ಮನೆಗೆ ಕಾಲಿಡುವ ಮೊದಲು ಆ ಓಣಿಯ ಹಿಟ್ಟಿನ ಗಿರಣಿ, ಕ್ಷೌರದಂಗಡಿ, ಚಹಾದಂಗಡಿ ಎಲ್ಲ ಸುತ್ತಬೇಕು. ಎಲ್ಲವೂ ಸರಿಯಿದ್ದರೂ ಏನಾದರೊಂದು ಕೊರತೆ ಹೇಳದಿದ್ದರೆ ಉಂಡ ರೊಟ್ಟಿ ಕರಗುವುದಿಲ್ಲ.

ಇಂಥವನಿಗೆ ವೆಬ್‌ಸೈಟ್ ಬೇಕಾದದ್ದು ಅತ್ತೆಯ ಸಲುವಾಗಿ. ಬೀಸುವ ಪದ, ಸೋಬಾನ ಪದ, ಹೆಣ್ಣೊಪ್ಪಿಸುವ ಪದ ಎಲ್ಲವನ್ನೂ ಅತ್ತೆಯ ಬಾಯಲ್ಲೇ ಕೇಳಬೇಕಿತ್ತು. ಗಂಟಲಿನ ಆಪರೇಷನ್ ಆದ ಮೇಲೆ ಆಕೆಯ ದನಿ ಬರೀ ಪಿಸುಮಾತಾಗಿ ಉಳಿಯಿತು. ಪುಣ್ಯಕ್ಕೆ, ಆಪರೇಷನ್ನಿಗೆ ಮೊದಲೇ ಮಾವ ಆಕೆಯನ್ನು ಕೂರಿಸಿ ಹಾಡುಗಳನ್ನೆಲ್ಲ ಮೊಬೈಲಿನಲ್ಲಿ ತುಂಬಿಸಿಕೊಂಡಿದ್ದ. ಬಳಗದ ಒಬ್ಬ ಜಾಣ ಅವನ್ನು ಇಂಟರ್‌ನೆಟ್ಟಿನ ಯಾವುದೋ ಪುಕ್ಕಟೆ ಜಾಗದಲ್ಲಿ ಏರಿಸಿದ. ಆ ಪುಕ್ಕಟೆಯವರು ಹೇಳದೆ ಕೇಳದೆ ಅಂಗಡಿ ಮುಚ್ಚಿದರು, ಹಾಡುಗಳೂ ಮಾಯ! ಹಳೆಯ ಮೊಬೈಲೂ ಅಷ್ಟರಲ್ಲಿ ಕೆಟ್ಟು ಹೋಗಿತ್ತು. ಮಾವ ಹಾಡು ತುಂಬಿದ ಒಂದು ಪೆನ್‌ಡ್ರೈವನ್ನು ಇಂಡಿಯಲ್ಲಿರುವ ತಂಗಿಯ ಮನೆಯಲ್ಲಿ ಇಟ್ಟಿದ್ದರಿಂದ ಬಚಾವಾದೆವು.

"ಎಲ್ಲಾ ಬಂಗಾರ ಒಂದ ಊರಾಗ ಇಡಬಾರ್ದಲೇ," ಎಂದ ಮಾವ. "ಕೋಟಿ ಕೊಳ್ಳಿ ಹೋದಮ್ಯಾಲ ದಿಡ್ಡಿ ಬಾಗಲಾ ಹಾಕಿದ್ರ ಏನ್ ಬಂತು? ಈ ಸಲ ನಾನ ನೋಡ್ತೇನಿ."

ನಾನು ಸಿಂದಗಿಯಲ್ಲಿ ಕಂಪ್ಯೂಟರ್ ಕಲಿಸುವವನಾದ್ದರಿಂದ ವಿವರಿಸುವ ಕೆಲಸ ನನ್ನ ಕೊರಳಿಗೆ ಬಿತ್ತು. ಹೋಸ್ಟಿಂಗ್ ಎಂದರೆ ನಮ್ಮ ಸೈಟನ್ನು ಬೇರೊಬ್ಬರ ಕಂಪ್ಯೂಟರಿನಲ್ಲಿ ಇಡುವುದು, ಅವರು ಅದನ್ನು ಸದಾ ತೆರೆದಿಡಬೇಕು, ಜೋಪಾನ ಮಾಡಬೇಕು ಎಂದೆ.

"ಅಂದ್ರ ಮಗಳ್ನ ಕೊಟ್ಟಂಗ!" ಎಂದ ಮಾವ. ಮುಗಿಯಿತು! ಅಂದಿನಿಂದ ಹೋಸ್ಟಿಂಗ್ ಕಂಪನಿಗಳೆಲ್ಲ ನಮ್ಮ ಬೀಗರಾದರು.

ಮೊದಲ ಕಂಪನಿಯ ಜಾಹೀರಾತಿನಲ್ಲಿ ಎಲ್ಲವೂ ಅನ್‌ಲಿಮಿಟೆಡ್. ನಾನು ಕಣ್ಣರಳಿಸಿದೆ. ಮಾವ ಮೂಗು ಮುರಿದ. "ಎಷ್ಟ ಬೇಕಾದ್ರೂ ಉಣ್ರಿ ಅನ್ನೂ ಮನ್ಯಾಗ ಒಲಿನ ಹತ್ತಿರೂದಿಲ್ಲ." ನಿಯಮಗಳನ್ನು ಕೊನೆಯವರೆಗೆ ಓದಿದರೆ, ಅನ್‌ಲಿಮಿಟೆಡ್‌ಗೂ ಒಂದು ಲಿಮಿಟ್ ಇತ್ತು!

ಎರಡನೆಯ ಕಂಪನಿಗೆ ಇಂಟರ್‌ನೆಟ್ಟಿನಲ್ಲಿ ಹೊಗಳಿಕೆಯ ಸುರಿಮಳೆ. ಮಾವ ಕೇಳಬೇಕಲ್ಲ! "ಬೀಗರು ತಾವ ಬರಸಿರ್ತಾರ. ಓಣ್ಯಾಗಿನ ಮಂದಿ ಏನಂತಾರ?" ವೆಬ್‌ಸೈಟಿಗೆ ಓಣಿ ಎಲ್ಲಿಂದ ತರೋಣ? ಮಾವ ಹುಡುಕಿದ. ಮುದ್ದೇಬಿಹಾಳದ ಸೀರೆ ಅಂಗಡಿಯೊಂದರ ಸೈಟು ಅದೇ ಕಂಪನಿಯಲ್ಲಿದೆ ಎಂದು ಗೊತ್ತಾದದ್ದೇ ತಡ, ನನ್ನನ್ನೂ ಎಳೆದುಕೊಂಡು ಬಸ್ಸು ಹತ್ತಿದ. ಅಲ್ಲಿ ಚಹಾ ಕುಡಿದು, ಮಳೆ ಬೆಳೆ ಮಾತಾಡಿ, ಮೆಲ್ಲಗೆ ಕೇಳಿದ. ಅಂಗಡಿಯವರು ನಿಟ್ಟುಸಿರುಬಿಟ್ಟರು. "ಉಳಿದ ದಿನ ಛಲೋ ಇರ್ತದ್ರಿ. ಹಬ್ಬದಾಗ ಗಿರಾಕಿ ಹೆಚ್ಚಾದ್ರ ಬಂದ್ ಬೀಳ್ತದ್ರಿ."

ಮಾವ ಎದ್ದೇಬಿಟ್ಟ. "ಹಬ್ಬದಾಗ ಬಾಗಲಾ ಹಾಕೂ ಮನಿ ನಮಗ ಬ್ಯಾಡ!"

ಮೂರನೆಯ ಕಂಪನಿಗೆ ಸರಿಯಾಗಿ ಊಟದ ಹೊತ್ತಿಗೇ ಫೋನು ಮಾಡಿದ. ಹಸಿದವರ ಮಾತಿನಲ್ಲಿ ನಿಜವಾದ ಗುಣ ಹೊರಬೀಳುತ್ತದಂತೆ! ಫೋನೆತ್ತಿದ ಕನ್ನಡದ ಹುಡುಗಿಗೆ ಕೇಳಿದ್ದನ್ನೇ ತಿರುಗಿಸಿ ಮುರುಗಿಸಿ ಕೇಳಿದ. ಆಕೆ ಸಿಟ್ಟಾಗಲಿಲ್ಲ. ಕೊನೆಗೆ ಬ್ರಹ್ಮಾಸ್ತ್ರ ತೆಗೆದ: "ನಾಳಿ ಹೊಂದಲಿಲ್ಲಂದ್ರ ನಮ್ಮ ಕೂಸಿನ್ನ, ಹಾಕಿದ ಬಂಗಾರ ಸಮೇತ, ತವರಿಗಿ ಕಳಸ್ತೀರೇನವಾ?"

ನಾನು ತಲೆಯ ಮೇಲೆ ಕೈ ಹೊತ್ತೆ.

"ಸರ್... ಬ್ಯಾಕಪ್ ಬಗ್ಗೆ ಕೇಳ್ತಿದ್ದೀರಾ? ದಿನಾ ಒಂದು ನಕಲು ತೆಗೀತೀವಿ, ಬೇರೆ ಊರಲ್ಲಿ ಇಡ್ತೀವಿ. ನೀವು ಬಿಟ್ಟು ಹೋಗೋದಾದ್ರೆ ಎಲ್ಲಾ ತಗೊಂಡು ಹೋಗಬಹುದು."

ಮಾವನ ಮುಖ ಅರಳಿತು. ಫೋನಿಗೆ ಕೈ ಅಡ್ಡ ಹಿಡಿದು, "ಬ್ಯಾರೆ ಊರಾಗ ಇಡ್ತಾರಂತಲೇ! ಸಂಸ್ಕಾರ ಐತಿ!" ಎಂದ. ಸಂಬಂಧ ಕುದುರಿತು. ಕೊರತೆ? ಅದನ್ನು ಬಿಡುವುದುಂಟೇ! "ಫೋನಿನ್ಯಾಗ ಕಾಯಸೂ ಮುಂದ ಹಾಕೂ ಸಂಗೀತ ಭಾಳ ಬ್ಯಾಸರ." ನಗಬೇಡಿ. ಇಷ್ಟು ಕಾಳಜಿಯಿಂದ ಹೆಂಡತಿಯ ಹಾಡು ಕಾಯುವ ಗಂಡ ನಿಮ್ಮೂರಲ್ಲಿ ಎಷ್ಟು ಜನ ಇದ್ದಾರೆ, ಹೇಳಿ? ನನಗಂತೂ ಆತನ ಮೇಲೆ ಹೊಟ್ಟೆತುಂಬ ಪ್ರೀತಿ.

ಸೈಟು ಶುರುವಾಗಿ ಕೆಲ ತಿಂಗಳ ನಂತರ ತಾಳಿಕೋಟೆಯಲ್ಲಿ ನಮ್ಮ ಬಳಗದ ಮದುವೆ. ಹೆಣ್ಣೊಪ್ಪಿಸುವ ಹೊತ್ತು ಬಂತು. ರೂಢಿಯಂತೆ ಹೆಂಗಸರೆಲ್ಲ ಅತ್ತೆಯ ಕಡೆ ತಿರುಗಿದರು, ಆಮೇಲೆ ಆಪರೇಷನ್ ನೆನಪಾಗಿ ಮುಖ ತಿರುಗಿಸಿಕೊಂಡರು. ಅತ್ತೆ ತಲೆ ತಗ್ಗಿಸಿದಳು. ಆಗ ಮದುಮಗಳ ಅಕ್ಕ ಮೊಬೈಲು ತೆಗೆದು ಸೈಟು ತೆರೆಯತೊಡಗಿದಳು. ಮಾವ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ.

ತೆರೆಯಿತು! ಅತ್ತೆಯ ತುಂಬುದನಿ ಹಂದರದ ತುಂಬ ಹರಡಿತು. ಮದುಮಗಳು ಅತ್ತಳು, ಗಂಡಿನ ಕಡೆಯವರೂ ಅತ್ತರು. ಅತ್ತೆಯ ತುಟಿಗಳು ಸದ್ದಿಲ್ಲದೆ ಆ ಹಾಡಿನ ಜೊತೆ ಆಡುತ್ತಿದ್ದವು.

ಹಾಡು ಮುಗಿದ ಮೇಲೆ ಆಕೆ ಮಾವನ ಕಿವಿಯ ಹತ್ತಿರ ಬಾಗಿ ಪಿಸುಗುಟ್ಟಿದಳು: "ಎರಡನೇ ನುಡ್ಯಾಗ ಒಂಚೂರು ಅವಸರ ಮಾಡೇನಿ, ಹೌದಿಲ್ರಿ?"

ಮಾವ ಟವೆಲ್ಲಿನಿಂದ ಕಣ್ಣೊರೆಸಿಕೊಂಡ.

"ಇಲ್ಲ," ಎಂದ. "ಏನೂ ಕೊರತಿ ಇಲ್ಲ."