ಕಾಲು ತೆಗೆದರೂ ಓಡುವ ಕಾರು

ಈಗಿನ ಕಾರುಗಳ ಮೇಲೆ ನನಗೆ ಒಂದು ಸಿಟ್ಟಿದೆ. ಅವುಗಳಿಗೆ ಬಾನೆಟ್ ಯಾಕೆ ಇಟ್ಟಿದ್ದಾರೋ ಆ ಶಿವನೇ ಬಲ್ಲ. ಎತ್ತಿ ನೋಡಿದರೆ ಒಂದು ಕಪ್ಪು ಪ್ಲಾಸ್ಟಿಕ್ ಹಲಗೆ. ಅದರ ಕೆಳಗೇನಿದೆ ಎಂದು ಕೇಳುವ ಹಕ್ಕು ಕೊಂಡವನಿಗೂ ಇಲ್ಲ. ನನ್ನ ಹಳೆಯ ಕಾರು ಹಾಗಲ್ಲ. ಬಾನೆಟ್ ಎತ್ತಿದರೆ ಅಡುಗೆಮನೆಯ ಹಾಗೆ ಎಲ್ಲವೂ ಕಣ್ಣಿಗೆ ಬೀಳುತ್ತದೆ: ಅತ್ತ ಬ್ಯಾಟರಿ, ಇತ್ತ ರೇಡಿಯೇಟರ್, ನಡುವೆ ರೊಟ್ಟಿ ಹಂಚಿನಷ್ಟು ಅಗಲದ ದುಂಡು ಮುಚ್ಚಳ ಹೊತ್ತ ಏರ್ ಫಿಲ್ಟರ್, ಅದರಡಿ ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಉಣಿಸುವ ಕಾರ್ಬುರೇಟರ್. ಪೀಣ್ಯದ ಕಾರ್ಖಾನೆಯೊಂದರ ಗುಣಮಟ್ಟ ಪರೀಕ್ಷೆಯ ವಿಭಾಗದಲ್ಲಿ ಜೀವಮಾನ ಕಳೆದವನು ನಾನು. ಕೂದಲೆಳೆಯಷ್ಟು ಓರೆಯಿದ್ದರೂ ಬರಿಗಣ್ಣಿನಲ್ಲೇ ಹಿಡಿಯುತ್ತಿದ್ದೆ. ಕನ್ನಡಕವನ್ನು ಈಗಲೂ ಪತ್ರಿಕೆ ಓದಲು ಮಾತ್ರ ಹಾಕಿಕೊಳ್ಳುವುದು. ಉಳಿದ ಹೊತ್ತು ಅದು ಫ್ರಿಜ್ಜಿನ ಮೇಲೆ ಇರುತ್ತದೆ. ಹೆಂಡತಿ ಗಿರಿಜೆಗೆ ಈ ವಿಷಯದಲ್ಲಿ ಬೇರೆ ಅಭಿಪ್ರಾಯವಿದೆ, ಇರಲಿ.

ಆ ಕಾರಿಗೆ ಇತ್ತೀಚೆಗೆ ಒಂದು ಕೆಟ್ಟ ಬುದ್ಧಿ ಬಂತು. ಆಕ್ಸಿಲರೇಟರ್ ತುಳಿದರೆ ಓಡುತ್ತದೆ, ಸರಿ. ಕಾಲು ತೆಗೆದರೂ ಓಡುತ್ತದೆ. ನಮ್ಮ ಅಪ್ಪಾಜಿ ತೀರಿಕೊಂಡ ಮೇಲೆ ಅದು ಚಿಕ್ಕಬಾಣಾವರದ ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಮುಸುಕು ಹೊದ್ದು ಮಲಗಿತ್ತು. ಒಂದು ಭಾನುವಾರ ಬೆಳಿಗ್ಗೆ ಅದನ್ನು ಎಬ್ಬಿಸಿ, ಗಿರಿಜೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಗೇಟಿನವರೆಗೆ ಬಂದೆ. ಅಲ್ಲಿ ಕಾಲು ತೆಗೆದರೆ ಇಂಜಿನ್ನು ನನ್ನ ಮಾತು ಕೇಳಲೇ ಇಲ್ಲ. ಗೋಂ ಎಂದು ಕೂಗುತ್ತಲೇ ಇತ್ತು. ಬ್ರೇಕ್ ಒತ್ತಿ, ಕೀಲಿ ತಿರುಗಿಸಿ ನಿಲ್ಲಿಸುವಷ್ಟರಲ್ಲಿ ಅಸೋಸಿಯೇಷನ್ ಕಾರ್ಯದರ್ಶಿಯವರ ಕ್ರೋಟನ್ ಗಿಡದ ಕುಂಡ ಹೋಳಾಗಿತ್ತು. ಅವರು ಬಾಲ್ಕನಿಯಿಂದಲೇ, "ಸಾರ್, ಪಾರ್ಕಿಂಗ್ ಜಾಗ ಕೊಟ್ಟಿರೋದು ಕಾರಿಗೆ, ಮ್ಯೂಸಿಯಮ್ಮಿಗಲ್ಲ" ಎಂದರು. ಅದು ನನಗೆ ತಾಗಲಿಲ್ಲ. ತಾಗಿದ್ದು ಗಿರಿಜೆ ಕಾರಿನಿಂದಿಳಿದು, ಸೆರಗು ಸರಿಮಾಡಿಕೊಂಡು ಹೇಳಿದ ಮಾತು. "ಆಯುಧಪೂಜೆಯೊಳಗೆ ಇದು ಸರಿಹೋಗ್ಬೇಕು. ಇಲ್ದಿದ್ರೆ ಗುಜರಿಯವನನ್ನ ನಾನೇ ಕರೀತೀನಿ. ನನಗೆ ಕಾರಿಗಿಂತ ನೀವು ಮುಖ್ಯ." ಕೊನೆಯ ಮಾತನ್ನು ಅವಳು ಇಷ್ಟು ವರ್ಷದಲ್ಲಿ ಮೊದಲ ಸಲ ಹೇಳಿದ್ದು. ಹೇಳುವುದಕ್ಕೆ ಎಂಥ ಗಳಿಗೆ ಆರಿಸಿಕೊಂಡಳು ನೋಡಿ.

ಗುಜರಿಗೆ ಹಾಕುವ ಕಾರೇ ಅದು? ಅಪ್ಪಾಜಿಯೂ ನಾನೂ ಮನಸ್ಸು ಬಿಚ್ಚಿ ಮಾತಾಡಿದ್ದೆಲ್ಲ ಆ ಕಾರಿನಲ್ಲೇ. ಮನೆಯಲ್ಲಿ ಅವರ ಮುಖಕ್ಕೆ ಪತ್ರಿಕೆ ಅಡ್ಡ, ನನ್ನ ಮುಖಕ್ಕೆ ಟೀವಿ. ನಮ್ಮೂರು ರಾಣೆಬೆನ್ನೂರಿಗೆ ಹೊರಟೆವೆಂದರೆ ಮಾತ್ರ, ತುಮಕೂರು ದಾಟುವ ಹೊತ್ತಿಗೆ ಅವರು ಬಾಯಿ ಬಿಡುತ್ತಿದ್ದರು. ಶಾಲೆ ತಪ್ಪಿಸಿ ಕುಸ್ತಿ ನೋಡಲು ಹೋದದ್ದು, ಹೆಣ್ಣು ನೋಡಲು ಹೋದ ದಿನ ಗಾಬರಿಯಲ್ಲಿ ಭಾವೀ ಮಾವನ ಚಪ್ಪಲಿ ಮೆಟ್ಟಿಕೊಂಡು ಬಂದದ್ದು, ಎಲ್ಲ ನನಗೆ ತಿಳಿದದ್ದು ಆ ಮುಂದಿನ ಸೀಟಿನಿಂದ. ಅದನ್ನು ತೂಕಕ್ಕೆ ಹಾಕುವುದು ಹೇಗೆ?

ಲಗ್ಗೆರೆಯಿಂದ ಮೆಕ್ಯಾನಿಕ್ ನಾಗರಾಜುವನ್ನು ಕರೆಸಿದೆ. ಅವನು ಸ್ಕೂಟರಿನಿಂದ ಇಳಿಯುವ ಮೊದಲೇ, "ಬೆಂಗಳೂರಲ್ಲಿ ಕಾರ್ಬುರೇಟರ್ ಬಿಚ್ಚೋರು ಈಗ ಇಬ್ರೇ ಸಾರ್. ಇನ್ನೊಬ್ರು ತೀರ್ಕೊಂಡ್ರು" ಎಂದ. ಮೊದಲು ಪೆಡಲಿನ ಕೆಳಗಿನ ಮ್ಯಾಟ್ ಎಳೆದು ಹೊರಗೆ ಹಾಕಿ, "ಇದೇ ಸಾರ್" ಎಂದ. ಇದಾಗಿರಲಿಲ್ಲ. "ಹಂಗಾದ್ರೆ ಕೇಬಲ್ಲು. ಕಣ್ಮುಚ್ಕೊಂಡು ಹೇಳ್ತೀನಿ" ಎಂದು ಹೊಸ ಕೇಬಲ್ ಹಾಕಿದ. ಇಂಜಿನ್ನು ಮತ್ತೆ ಕೂಗಿತು. "ಸ್ಪ್ರಿಂಗು. ಮೊದ್ಲೇ ಅನ್ಕೊಂಡೆ" ಎಂದ. ಸ್ಪ್ರಿಂಗ್ ಹೊಸದಾಯಿತು, ಕೂಗು ಹಳೆಯದೇ. ಆದರೂ ಅವನ ಧೈರ್ಯ ಒಂದಿಷ್ಟೂ ಕುಗ್ಗಲಿಲ್ಲ. ಆ ಮಟ್ಟಿಗೆ ನನಗೆ ನಮ್ಮ ಹಳೆಯ ಮ್ಯಾನೇಜರ್ ನೆನಪಾದರು.

ಕೊನೆಗೆ ಏರ್ ಫಿಲ್ಟರ್ ತೆಗೆದಿಟ್ಟು, ಕಾರ್ಬುರೇಟರಿನ ಪಕ್ಕದ ಸಣ್ಣ ಹಿಡಿಯನ್ನು ಕೈಯಿಂದಲೇ ಎಳೆದು ಬಿಟ್ಟ. ಪೆಡಲ್ ತುಳಿದಾಗ ತೆರೆದುಕೊಂಡು, ಬಿಟ್ಟಾಗ ವಾಪಸಾಗಬೇಕಾದ ಹಿಡಿ ಅದು. ಎಳೆದಲ್ಲೇ ನಿಂತಿತು. ಅದರ ಬುಡದ ಸುತ್ತ ಸಿಮೆಂಟಿನ ಹಾಗೆ ಬೂದು ಬಣ್ಣದ ಏನೋ ಗಟ್ಟಿಕಟ್ಟಿತ್ತು. ನಾಗರಾಜು ಸ್ಕ್ರೂಡ್ರೈವರಿನಿಂದ ಕೆರೆದು ನೋಡಿ, ದನಿ ತಗ್ಗಿಸಿದ. "ಸಾರ್, ನಿಮ್ಗೆ ಯಾರಾದ್ರೂ ಆಗದೋರು ಅವ್ರಾ? ಇದು ಬೂದಿ. ಯಾರೋ ಮಾಟ ಮಾಡ್ಸವ್ರೆ."

ನನ್ನ ಮನಸ್ಸು ನೆಟ್ಟಗೆ ಕಾರ್ಯದರ್ಶಿಯವರ ಬಾಲ್ಕನಿಗೆ ಹೋಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಆ ಪುಡಿಯನ್ನು ಬೆರಳಲ್ಲಿ ತಿಕ್ಕಿ ಮೂಸಿದಾಗ ಎಣ್ಣೆಯ ನಾತದ ಹಿಂದೆ ಒಂದು ಪರಿಚಿತ ವಾಸನೆ. ವಿಭೂತಿ. ಅಪ್ಪಾಜಿ ಊರಿಗೆ ಹೊರಡುವ ಮುಂಚೆ ತಮ್ಮ ಹಣೆಗೆ ಹಚ್ಚಿಕೊಂಡು, ನನ್ನಿಂದ ಬಾನೆಟ್ ಎತ್ತಿಸುತ್ತಿದ್ದರು. "ತಡೀಪಾ, ಅದಕ್ಕೂ ಒಂದೀಟು ಹಚ್ತೀನಿ. ಅದೂ ನಮ್ಮ ಕೂಡ ಬರ್ತೈತಲ್ಲ" ಎಂದು ಆ ದುಂಡು ಮುಚ್ಚಳಕ್ಕೆ ಮೂರು ಬೆರಳಿನ ಪಟ್ಟೆ ಎಳೆಯುತ್ತಿದ್ದರು. ಕೊನೆಕೊನೆಗೆ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ ಎಂದರೆ, "ನನಗ ಎಲ್ಲಾ ಕಾಣ್ತೈತಿ" ಎಂದು ಮಾತು ಮುಗಿಸುತ್ತಿದ್ದರು. ಕೈ ಮಾತ್ರ ಮುಚ್ಚಳ ತಪ್ಪಿ, ಬದಿಗೆ ಜಾರಿ, ಕೆಳಗೆ ಕಾರ್ಬುರೇಟರಿಗೆ ಇಳಿದಿತ್ತು. ನೀರಲ್ಲಿ ಕಲಸಿದ ವಿಭೂತಿಗೆ ಎಣ್ಣೆ, ಧೂಳು ಸೇರಿ, ಬೇಸ್‌ಮೆಂಟಿನಲ್ಲಿ ನಿಂತ ಕಾಲದಲ್ಲಿ ಕಲ್ಲಾಗಿತ್ತು.

"ಪೆಟ್ರೋಲಲ್ಲಿ ತೊಳುದ್ರೆ ಹೋಗುತ್ತೆ. ತೊಳೀಲಾ ಸಾರ್?" ಎಂದ ನಾಗರಾಜು. ಅದರಲ್ಲಿ ಅಪ್ಪಾಜಿಯ ಬೆರಳಿತ್ತು. ತೊಳೆದರೆ ಅದು ಹೋಗುತ್ತದೆ, ತೊಳೆಯದಿದ್ದರೆ ಕಾರೇ ಹೋಗುತ್ತದೆ. ಅಳು ಬಂದುಬಿಟ್ಟಿತು. ಪೆಟ್ರೋಲ್ ಘಾಟು ಕಣ್ಣಿಗೆ ಹೊಡೀತು ಎಂದೆ. ಅವನಿನ್ನೂ ಬಾಟಲಿಯ ಮುಚ್ಚಳ ತೆಗೆದಿರಲಿಲ್ಲ.

"ತೊಳಿ ನಾಗರಾಜು" ಎಂದೆ. ಬ್ರಷ್ಷಿನಲ್ಲಿ ತಿಕ್ಕಿ ತೊಳೆದು ಹಿಡಿಯನ್ನು ಎಳೆದು ಬಿಟ್ಟ. ಟಕ್ಕೆಂದು ತನ್ನ ಜಾಗಕ್ಕೆ ಹೋಯಿತು. "ನಾನು ಮೊದ್ಲೇ ಹೇಳಿದ್ನಲ್ಲ ಸಾರ್" ಎಂದ. ಏನು ಹೇಳಿದ್ದನೋ ನಾನು ಕೇಳಲಿಲ್ಲ.

ಆಯುಧಪೂಜೆಯ ಬೆಳಿಗ್ಗೆ ಕಾರಿಗೆ ಚೆಂಡುಹೂವಿನ ಹಾರ ಬಿತ್ತು, ಚಕ್ರಕ್ಕೆ ನಿಂಬೆಹಣ್ಣು ಸಿಕ್ಕಿತು. ಗುಜರಿಯವನನ್ನು ಕರೆಯುತ್ತೇನೆಂದವಳೇ ವಿಭೂತಿ ಕಲಸಿದ ಬಟ್ಟಲು ಹಿಡಿದು ಬಂದು ಬಾನೆಟ್ ಎತ್ತಿಸಿದಳು. "ಮಾವನವರು ಹಚ್ಚದೆ ಹೊರಡ್ತಿರ್ಲಿಲ್ಲ. ನೀವೇ ಹಚ್ಚಿ. ಮುಚ್ಚಳಕ್ಕೆ ಮಾತ್ರ" ಎಂದಳು. ಇದನ್ನೆಲ್ಲ ನನಗೆ ಹೇಳಿಕೊಡಬೇಕೇ? ಮೂರು ಬೆರಳು ಅದ್ದಿ, ಅಪ್ಪಾಜಿಯನ್ನು ನೆನೆದು, ನಿಧಾನವಾಗಿ ಎಳೆದೆ.

"ರೀ, ಮುಚ್ಚಳ ಇನ್ನೂ ಸ್ವಲ್ಪ ಮೇಲಿದೆ" ಎಂದಳು ಗಿರಿಜೆ. "ಫ್ರಿಜ್ಜಿನ ಮೇಲಿಂದ ಕನ್ನಡಕ ತರ್ಲಾ?"

"ನನಗ ಎಲ್ಲಾ ಕಾಣ್ತೈತಿ" ಎಂದೆ.

ಊರಿನ ಆ ಮಾತು ನನ್ನ ಬಾಯಲ್ಲಿ ಬಂದು ಎಷ್ಟು ಕಾಲವಾಗಿತ್ತೋ. ಗಿರಿಜೆ ನನ್ನ ಮುಖವನ್ನೇ ನೋಡಿದಳು, ಆಮೇಲೆ ಕಾರ್ಬುರೇಟರ್ ಒರೆಸಲು ಒದ್ದೆ ಬಟ್ಟೆ ಕೊಟ್ಟಳು.